ಜಮಖಾನ ಬಿಟ್ಟ ಕೆಂಪು

ಮೇ ೨೮, ಬೆಳಿಗ್ಗೆ ೭

ಬೆರಳು ಚುಚ್ಚಿದ್ದಾಯಿತು. ಶುಗರ್ ೧೬.೨. ಹತ್ತು ದಾಟಬಾರದಂತೆ. ನರ್ಸ್ ಸಿನಿಕ್ಕಾ ಕೊಟ್ಟ ನೀಲಿ ಪುಸ್ತಕದಲ್ಲಿ ೮.೪ ಎಂದು ಬರೆದೆ. ನಿನ್ನೆ ೮.೧ ಬರೆದಿದ್ದೆ, ಮೊನ್ನೆ ೭.೯. ದಿನಾ ಒಂದೇ ಬರೆದರೆ ಅನುಮಾನ ಬರುತ್ತದೆ, ಅದಕ್ಕೆ ಸ್ವಲ್ಪ ಏರಿಳಿತ ಇಡುತ್ತೇನೆ. ನಿಜ ಏನಿದ್ದರೂ ಈ ಡೈರಿಗೆ.

ಕಾಫಿ. ಒಂದು ಪುಲ್ಲಾ ಬನ್ನು, ತಂಗಿ ಹಿಲ್ಕಾ ಮಾಡಿದ್ದು, ಏಲಕ್ಕಿ ಧಾರಾಳವಾಗಿ ಬಿದ್ದಿದೆ. ಸರಿ... ಎರಡು. ಅವಳು ಬುಟ್ಟಿ ತುಂಬ ತಂದಿಟ್ಟು ಹೋದರೆ ನಾನೇನು ಅದನ್ನು ಪೂಜೆ ಮಾಡಲೇ?

ಶುಗರ್ ಇಳಿಯದಿದ್ದರೆ ಇನ್ಸುಲಿನ್ ಸೂಜಿ ಅಂದಿದ್ದಾಳೆ ಸಿನಿಕ್ಕಾ. ಅಪ್ಪನಿಗೆ ಸೂಜಿ ಶುರುವಾದ ಎರಡು ವರ್ಷಕ್ಕೆ ಕಣ್ಣು ಹೋಯಿತು. ಸೂಜಿಯಿಂದಲ್ಲ, ತಡ ಮಾಡಿದ್ದರಿಂದ ಅನ್ನುತ್ತಾಳೆ ಅವಳು. ಅನ್ನಲಿ. ನನಗೆ ಸೂಜಿ ಎಂದರೆ ಭಯ. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ರಕ್ತ ಕೊಡಬೇಕು, ಎರಡು ಸಲ ಶೀತ ಅಂತ ಹೇಳಿ ತಪ್ಪಿಸಿಕೊಂಡೆ.

ಮೇ ೩೧

ಕಾಲಿನ ತಪಾಸಣೆ. ಸಿನಿಕ್ಕಾ ತೆಳ್ಳಗಿನ ಪ್ಲಾಸ್ಟಿಕ್ ದಾರ ಹಿಡಿದು ಕಾಲ ಬಳಿ ಕೂತಳು.

"ಕಣ್ಣು ಮುಚ್ಕೊಳ್ಳಿ ಇರ್ಯಾ. ದಾರ ತಾಗಿದ್ದು ಗೊತ್ತಾದಾಗೆಲ್ಲ ಹೂಂ ಅನ್ನಿ."

ಏನೂ ತಾಗಲಿಲ್ಲ. ಕಾಲಿನ ಜಾಗದಲ್ಲಿ ಹತ್ತಿ ತುಂಬಿದ ಹಾಗೆ. ಆದರೆ ಅವಳ ತೋಳಿನ ಬಟ್ಟೆ ಪ್ರತಿ ಸಲವೂ ಸರ್ ಅನ್ನುತ್ತಿತ್ತು. ಸರ್ ಅಂದಾಗೆಲ್ಲ ಹೂಂ ಅಂದೆ. ಹತ್ತಕ್ಕೆ ಒಂಬತ್ತು!

"ಮೂವತ್ತೊಂದು ವರ್ಷ ಅಂಚೆ ಹಂಚಿದ ಕಾಲು ಅಂದ್ರೆ ಸುಮ್ನೇನಾ" ಅಂದಳು. "ದಿನಾ ಅಂಗಾಲು ನೋಡ್ಕೋತೀರಿ ತಾನೆ?"

"ನೋಡ್ತೀನಿ."

"ಬರಿಗಾಲಲ್ಲಿ ಓಡಾಡೋದಿಲ್ಲ ತಾನೆ?"

"ಅಯ್ಯೋ, ಇಲ್ಲಪ್ಪ."

ಅಂಗಾಲು ಕಾಣುವಷ್ಟು ಬಗ್ಗಿ ಎಷ್ಟು ವರ್ಷವಾಯಿತೋ. ಪಕ್ಕದವಳದ್ದು ನೋಡಿ ಬರೆದು ಪಾಸಾದ ಹುಡುಗಿಯ ಹಾಗೆ ಖುಷಿಯಾಗಿ ಹೊರಗೆ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಹೆದರಿಕೆಯಾಯಿತು. ಮೂರು ಸ್ಟಾಪ್ ಹೆದರಿದೆ, ಆಮೇಲೆ ನಿದ್ದೆ ಬಂತು.

ಜೂನ್ ೩, ಮಧ್ಯಾಹ್ನ ೪

ಊಟ ಮಾಡಿ ಒರಗಿದವಳು ಈಗ ಎದ್ದೆ. ಕನಸು. ಅಂಚೆ ಚೀಲ ಹೆಗಲಿಗೆ ಹಾಕಿ ಸರೋವರದ ಮೇಲೆ ನಡೆಯುತ್ತಿದ್ದೆ. ಮಂಜುಗಡ್ಡೆ ಇರಲಿಲ್ಲ, ನೀರೇ. ನೀರಿನ ಮೇಲೆ ಸಾಲಾಗಿ ಅಂಚೆ ಡಬ್ಬಗಳು, ಹಸಿರು, ಹಳದಿ, ಒಂದಕ್ಕೆ ಮುಚ್ಚಳವಿಲ್ಲ. ಕಾಲಿಗೆ ಭಾರವೇ ಇರಲಿಲ್ಲ. ಅಮ್ಮ ಆಚೆ ದಡದಲ್ಲಿ ಏನೋ ಒಗೆಯುತ್ತಿದ್ದಳು. ಕೂಗಿದೆ. ತಿರುಗಲಿಲ್ಲ, ಆದರೆ ಕೇಳಿಸಿಕೊಂಡಳು ಅಂತ ಅನ್ನಿಸಿತು.

ಎದ್ದಾಗ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಜಗ್ಗು ತುಂಬ ನೀರು ಕುಡಿದೆ. ೧೯.೮.

ಯಾರಿಗೂ ಹೇಳುವಂಥದ್ದಲ್ಲ, ಆದರೆ ಈ ಮಂಪರು ನನಗೆ ಇಷ್ಟ. ಮಧ್ಯಾಹ್ನದ ಬೆಳಕು ಜೇನಿನ ಹಾಗೆ ಮೆಲ್ಲಗೆ ಇಳಿಯುತ್ತದೆ. ಸತ್ತವರು ಬಂದು ಕೂತು ಹೋಗುತ್ತಾರೆ. ಶುಗರ್ ಇಳಿಸಿಕೊಂಡರೆ ಇವರೆಲ್ಲ ಎಲ್ಲಿಗೆ ಹೋಗುತ್ತಾರೋ.

ಜೂನ್ ೬, ಸಂಜೆ

ಸಿಟ್ಟು ಇನ್ನೂ ಇಳಿದಿಲ್ಲ.

ಇವತ್ತು ಜಮಖಾನ ತೊಳೆಯುವ ದಿನ. ಪ್ರತಿ ಜೂನ್‌ನಲ್ಲಿ ನಾನೂ ಹಿಲ್ಕಾನೂ ಚಿಂದಿ ಜಮಖಾನಗಳನ್ನೆಲ್ಲ ತಳ್ಳುಗಾಡಿಗೆ ಹೇರಿಕೊಂಡು ಸರೋವರದ ಮರದ ಕಟ್ಟೆಗೆ ಹೋಗುತ್ತೇವೆ. ಪೈನ್ ಸೋಪು, ಬ್ರಷ್ಷು, ಫ್ಲಾಸ್ಕಿನಲ್ಲಿ ಕಾಫಿ. ನನ್ನದು ಬಿಳಿ ಜಮಖಾನ, ಅಮ್ಮನ ಹಳೇ ದುಪ್ಪಟಿಗಳನ್ನು ಸೀಳಿ ಎರಡು ಚಳಿಗಾಲ ಕೂತು ನೇಯ್ದದ್ದು. ಹಿಲ್ಕಾಳದು ಹೊಸದು, ಕೆಂಪು. ಸಂತೆಯಲ್ಲಿ ಸಿಕ್ಕಿದ ಹಳೇ ಪರದೆ ಬಟ್ಟೆ.

ಅವಳು ರಬ್ಬರ್ ಬೂಟು ಹಾಕಿಕೊಂಡೇ ಬಂದಿದ್ದಳು. ನಾನು ಬರಿಗಾಲಲ್ಲಿ ನೀರಿಗಿಳಿದೆ.

"ಏ ಇರ್ಯಾ, ನಿನ್ನ ಬೂಟೆಲ್ಲಿ?"

"ಬೂಟು ಹಾಕ್ಕೊಂಡು ಜಮಖಾನ ತೊಳೆಯೋದು ಪಟ್ಟಣದವರು."

"ಮೊನ್ನೆ ಮೊನ್ನೆ ಮಂಜುಗಡ್ಡೆ ಕರಗಿದ ನೀರು ಮಾರಾಯ್ತಿ!"

ಪಕ್ಕದಲ್ಲಿ ತೊಳೆಯುತ್ತಿದ್ದ ಮೂವರು ಹೆಂಗಸರೂ ನೋಡಿದರು. ಒಬ್ಬಳು ಕಾಲ ತುದಿ ಅದ್ದಿ ಕಿರುಚಿ ಹಿಂದಕ್ಕೆ ಹಾರಿದಳು. "ಈಕೆ ಹಳೇ ಕಾಲದ ಗಟ್ಟಿ ಪಿಂಡ" ಅಂದಳು. ಹೆಮ್ಮೆಯಾಯಿತು. ಸುಳ್ಳೇಕೆ? ಬಹಳ ಹೆಮ್ಮೆಯಾಯಿತು. ಮೊಣಕಾಲವರೆಗೆ ನೀರಿನಲ್ಲಿ ಒಂದು ಗಂಟೆ ನಿಂತೆ, ಕಟ್ಟೆ ಹತ್ತಿದೆ, ಇಳಿದೆ, ಜಮಖಾನ ತುಳಿದು ತುಳಿದು ನೊರೆ ತೆಗೆದೆ.

ಆಗ ಕಂಡಿತು. ನನ್ನ ಬಿಳಿ ಜಮಖಾನದ ಮೇಲೆ ಕೆಂಪು. ನೀರಿನಲ್ಲಿ ಎಳೆ ಎಳೆಯಾಗಿ ತೇಲುತ್ತಿದೆ.

"ಬಣ್ಣ ಬಿಡ್ತಿದೆ ಕಣೇ ನಿಂದು!"

"ಸಾಧ್ಯಾನೇ ಇಲ್ಲ. ನೇಯೋಕೆ ಮುಂಚೆ ಬಿಸಿನೀರಲ್ಲಿ ಅದ್ದಿದೀನಿ."

"ಹಾಗಾದ್ರೆ ಇದೇನು? ಕಣ್ಣಿಲ್ವಾ?"

"ಇರ್ಯಾ, ನನ್ನದು ಆ ತುದೀಲಿದೆ, ನಿನ್ನದು ಈ ತುದೀಲಿ..."

"ಕೈಗೆ ಸಿಕ್ಕಿದ್ದನ್ನೆಲ್ಲ ಬಾಚ್ಕೊಳ್ಳೋ ಬುದ್ಧಿ ನಿಂದು. ಗಂಡನ್ನೂ ಹಾಗೇ ತಾನೆ ಆರಿಸ್ಕೊಂಡಿದ್ದು!"

ಹೇಳಿಬಿಟ್ಟೆ. ಮೂವರು ಹೆಂಗಸರೂ ಬ್ರಷ್ ನಿಲ್ಲಿಸಿದರು. ಹಿಲ್ಕಾಳ ಗಂಡ ಇನ್ನೊಬ್ಬಳ ಹಿಂದೆ ಹೋಗಿ ಆರು ವರ್ಷ, ಊರಿಗೆಲ್ಲ ಗೊತ್ತು. ನೀರು ಸುರಿಯುತ್ತಿದ್ದ ಕೆಂಪು ಜಮಖಾನ ಸುತ್ತಿ ಗಾಡಿಗೆ ಹಾಕಿಕೊಂಡು ಹಿಲ್ಕಾ ಹೊರಟಳು. ಕಾಫಿ ಫ್ಲಾಸ್ಕು ಬಿಟ್ಟು ಹೋದಳು. ನಾನೇ ಅಷ್ಟೂ ಕುಡಿದೆ, ಸಕ್ಕರೆ ಹಾಕಿ.

ಜೂನ್ ೭

ಕಟಕಟೆಯ ಮೇಲೆ ಹರವಿದ ಜಮಖಾನ ಒಣಗಿದೆ. ಕಲೆ ಕಂದು ಬಣ್ಣಕ್ಕೆ ತಿರುಗಿದೆ. ಅಗ್ಗದ ಬಣ್ಣ ಇನ್ನೇನಾಗುತ್ತದೆ. ಎಡಗಾಲಿನ ಉಣ್ಣೆ ಕಾಲುಚೀಲಕ್ಕೂ ಹತ್ತಿದೆ! ನಿನ್ನೆ ಕಾಲು ಸರಿಯಾಗಿ ಒರೆಸದೆ ಹಾಕಿಕೊಂಡಿರಬೇಕು. ಅವಳ ಪರದೆ ನನ್ನ ಮನೆಯೊಳಗೂ ಬಂತು. ಚೀಲ ಬದಲಾಯಿಸಿದೆ.

ಹಿಲ್ಕಾ ಫೋನ್ ಮಾಡಿಲ್ಲ. ನಾನಂತೂ ಮಾಡುವುದಿಲ್ಲ.

ಜೂನ್ ೧೧

ಮಾಡಲಿಲ್ಲ. ಅವಳೂ ಮಾಡಲಿಲ್ಲ.

ಬನ್ನು ಮುಗಿದಿವೆ. ಅಂಗಡಿಯಿಂದ ತಂದೆ, ರುಚಿಯಿಲ್ಲ. ಆದರೂ ತಿಂದೆ. ೨೧.೪. ನೀಲಿ ಪುಸ್ತಕದಲ್ಲಿ ೮.೨.

ಇವತ್ತಿನ ಕನಸಿನಲ್ಲಿ ಅಮ್ಮ ತಿರುಗಿದಳು. ಎಲ್ಲಿ ನಿನ್ನ ತಂಗಿ, ಎಂದು ಕೇಳಿದಳು.

ಜೂನ್ ೧೫

ಮನೆಯಲ್ಲಿ ವಾಸನೆ. ನೆಲದ ಹಲಗೆಯ ಕೆಳಗೆ ಇಲಿ ಸತ್ತಿದೆ. ಕಿಟಕಿ ತೆರೆದಿಟ್ಟೆ. ಬಿಸಿಲಿದ್ದರೂ ಚಳಿ, ಎರಡು ಸ್ವೆಟರ್. ಬರ್ಚ್ ಮರದ ಎಲೆಗಳು ಒಂದೊಂದೂ ಬೇರೆ ಬೇರೆ ಮಾತಾಡುತ್ತಿವೆ. ಕೇಳುತ್ತಾ ಕೂತೆ, ಎಷ್ಟು ಹೊತ್ತೋ. ಊಟ ಬೇಡ. ನೀರು, ನೀರು. ಮೀಟರಿನಲ್ಲಿ ಅಂಕಿಯೇ ಬರಲಿಲ್ಲ, "ಹೈ" ಅಂತ ಬಂತು. ಅದನ್ನು ಹೇಗೆ ೮ ಮಾಡುವುದೋ ತೋಚದೆ ಪುಸ್ತಕ ಮುಚ್ಚಿದೆ.

ಜೂನ್ ೧೬, ಬೆಳಿಗ್ಗೆ

ಇಲಿಯಲ್ಲ.

ಬಚ್ಚಲಿಗೆ ಹೋದರೂ ವಾಸನೆ ಬಂತು, ಕೋಣೆಗೆ ಬಂದರೂ ಬಂತು. ನಾನು ಹೋದಲ್ಲೆಲ್ಲ ಬಂತು. ಕಾಲುಚೀಲ ಬಿಚ್ಚಲು ಹೋದರೆ ಅಂಟಿಕೊಂಡಿತ್ತು, ಎಳೆದೆ. ಕೈಗನ್ನಡಿಯನ್ನು ನೆಲದ ಮೇಲಿಟ್ಟು ಕಾಲು ಅದರ ಮೇಲೆ ಹಿಡಿದೆ.

ಹೆಬ್ಬೆರಳ ಬುಡದಲ್ಲಿ ತೂತು. ಅದರೊಳಗೆ ಮೊಳೆಯ ತುಂಡು, ಕಟ್ಟೆಯ ಹಲಗೆಯದ್ದು. ಸುತ್ತ ಕಪ್ಪು. ಬೆರಳು ಸೌತೆಕಾಯಿಯ ಹಾಗೆ ಊದಿದೆ. ಒತ್ತಿದೆ. ಇನ್ನೂ ಜೋರಾಗಿ ಒತ್ತಿದೆ. ಏನೂ ಇಲ್ಲ... ಬೇರೆ ಯಾರದೋ ಕಾಲು.

ಹತ್ತು ದಿನ ಮೊಳೆಯ ಮೇಲೆ ನಡೆದಿದ್ದೇನೆ. ಹಿಲ್ಕಾಳ ಜಮಖಾನ ಬಣ್ಣ ಬಿಡಲಿಲ್ಲ. ಅದು ನನ್ನ ರಕ್ತ.

ಮೊದಲು ಕಾಲಿನ ಯೋಚನೆ ಬರಲಿಲ್ಲ. ಗಂಡನ ಮಾತು ಆಡಿದಾಗ ಅವಳ ಮುಖ ಹೇಗಿತ್ತೋ ಅದೇ ಬಂತು. ನೆಲದ ಮೇಲೆ ಕೂತು ಅತ್ತೆ. ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದೆ.

ಜೂನ್ ೧೭, ಆಸ್ಪತ್ರೆ

ಸಿನಿಕ್ಕಾ ನೋಡಲು ಬಂದಳು. ಕೈಯಲ್ಲಿ ನನ್ನ ನೀಲಿ ಪುಸ್ತಕ, ಕೈಚೀಲದಲ್ಲಿ ಸಿಕ್ಕಿತಂತೆ. ಪುಟ ತಿರುವಿದಳು, ನನ್ನ ಮುಖ ನೋಡಿದಳು.

"ಎಲ್ಲ ಸುಳ್ಳು" ಅಂದೆ. "ದಾರದ ಟೆಸ್ಟೂ ಸುಳ್ಳು. ನಿಮ್ಮ ತೋಳಿನ ಸದ್ದು ಕೇಳಿ ಹೂಂ ಅಂತಿದ್ದೆ."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಾನು ನಂಬಿದ್ದೆ ಇರ್ಯಾ. ನಿಮ್ಮನ್ನ ತೋರಿಸಿ ಬೇರೆಯವರಿಗೆ ಹೇಳ್ತಿದ್ದೆ, ನೋಡಿ ಅವರ ಥರ ಇರಿ ಅಂತ."

ಇನ್ಸುಲಿನ್ ಸೂಜಿ ಹೊಟ್ಟೆಗೆ ಹಾಕಿದಳು. ಇಷ್ಟು ಸಣ್ಣ ಸೂಜಿ! ಇರುವೆ ಕಚ್ಚಿದಷ್ಟೂ ನೋವಾಗಲಿಲ್ಲ. ಇದಕ್ಕೆ ಹೆದರಿ ತಿಂಗಳುಗಟ್ಟಲೆ ಕಳ್ಳಾಟ ಆಡಿದೆನಲ್ಲ. ನನ್ನ ಮೇಲೆ ನನಗೇ ಅಸಹ್ಯ.

ಸಂಜೆ ಹಿಲ್ಕಾಗೆ ಫೋನ್.

"ಆ ಕೆಂಪು ನಿನ್ನ ಜಮಖಾನದ್ದಲ್ಲ ಕಣೇ."

"ಗೊತ್ತು. ಮನೆಗೆ ತಂದು ಮೂರು ಸಲ ತೊಳೆದೆ. ಒಂದು ಹನಿ ಬಣ್ಣ ಬಿಡಲಿಲ್ಲ. ಹೇಳೋಣ ಅಂತ ಫೋನ್ ತಗೊಂಡೆ. ಆಮೇಲೆ ನೀನೇ ಮಾಡು ಅಂತ ಹಟ ಬಂತು, ಇಟ್ಟೆ."

"ನನ್ನ ಕಾಲಿಂದು ಅದು."

"ಯಾವ ಕಾಲು?"

"ಎಡಗಾಲು."

"ಅವತ್ತೇ ನಾನು ಫೋನ್ ಮಾಡಿದ್ರೆ..." ಅಂದಳು. "ಬರ್ತಿದೀನಿ."

ಜೂನ್ ೨೫

ಎರಡು ಬೆರಳು ಹೋದವು, ಹೆಬ್ಬೆರಳೂ ಅದರ ಪಕ್ಕದ್ದೂ.

ಬೆಳಿಗ್ಗೆ ೮.೪. ನಿಜವಾದ ೮.೪! ಸುಳ್ಳು ಬರೆಯುವಾಗ ಎಷ್ಟು ಸಲ ಬರೆದಿದ್ದೆ ಈ ಅಂಕಿಯನ್ನು. ಸಿನಿಕ್ಕಾಗೆ ತೋರಿಸಿದೆ, ತಾನೇ ಎರಡನೇ ಸಲ ಚುಚ್ಚಿ ನೋಡಿದಳು. ಅವಳನ್ನು ದೂರುವಂತಿಲ್ಲ.

ತಲೆಯೊಳಗಿನ ಮಂಜು ಹರಿದಿದೆ. ಗಡಿಯಾರದ ಮುಳ್ಳು, ಪಕ್ಕದ ಹಾಸಿಗೆಯ ಮುದುಕಿಯ ಬಳೆ, ಎಲ್ಲ ಚೂಪಾಗಿ ಕಾಣುತ್ತವೆ. ಮಧ್ಯಾಹ್ನ ಮಲಗಿದರೆ ಬರೀ ನಿದ್ದೆ. ಸರೋವರವಿಲ್ಲ, ಅಮ್ಮನಿಲ್ಲ. ಕರೆದೆ, ಬರಲಿಲ್ಲ.

ಹಿಲ್ಕಾ ದಿನಾ ಬರುತ್ತಾಳೆ. ಇವತ್ತು ಕ್ಷಮೆ ಕೇಳಿದೆ. ಅವಳು ಕಿತ್ತಳೆ ಬಿಡಿಸುತ್ತಾ ಅಂದಳು, "ಅವನು ಕೈಗೆ ಸಿಕ್ಕಿದವನೇ ಬಿಡು. ನೀ ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದ್ರೆ ಮೂರು ಹೆಂಗಸರ ಮುಂದೆ ಹೇಳ್ಬೇಕಿತ್ತಾ? ಅದರಲ್ಲಿ ಒಬ್ಬಳು ಅವನ ಅತ್ತಿಗೆ!"

ಇಬ್ಬರೂ ನಕ್ಕೆವು. ವಾರ್ಡಿನ ನರ್ಸ್ ಬಂದು ಗದರಿದರು. ಕಿತ್ತಳೆ ನನಗೆ ಮೂರೇ ತೊಳೆ ಕೊಟ್ಟಳು, ಉಳಿದದ್ದು ತಾನೇ ತಿಂದಳು.

ಜುಲೈ ೮

ಬರೆಯಲು ಮನಸ್ಸಿರಲಿಲ್ಲ ಇಷ್ಟು ದಿನ.

ಗಾಯ ಕೂಡುತ್ತಿಲ್ಲ. ಮೂಳೆಗೆ ಇಳಿದಿದೆ. ರಕ್ತನಾಳಗಳು ಕಟ್ಟಿಕೊಂಡಿವೆ, ಎಷ್ಟೋ ವರ್ಷದ ಕೆಲಸ ಅದು. ಡಾಕ್ಟರು ಚಿಕ್ಕ ವಯಸ್ಸಿನವರು, ಕುರ್ಚಿ ಎಳೆದುಕೊಂಡು ಕೂತು ಹೇಳಿದರು.

"ಮೊಣಕಾಲಿನ ಕೆಳಗೆ ತೆಗೀಬೇಕು ಇರ್ಯಾ. ಕಾದರೆ ಮೇಲಕ್ಕೆ ಹೋಗುತ್ತೆ."

"ಶುಗರ್ ಈಗ ಸರಿಯಾಗಿದೆಯಲ್ಲ?"

"ಆಗಿದೆ. ಬಲಗಾಲು ಉಳಿಸ್ಕೊಳ್ಳೋಕೆ ಅದು ಬೇಕು. ಕಣ್ಣಿಗೂ."

ಎಡಗಾಲಿಗೆ ತಡವಾಯಿತು ಅಂತ ಅವರು ಹೇಳಲಿಲ್ಲ. ಸಹಿ ಹಾಕಿದೆ. ಭಯ. ಬೇರೆ ಹೆಸರು ಕೊಡುವುದು ಬೇಡ, ಭಯವೇ. ದಿನಕ್ಕೆ ಹದಿನಾಲ್ಕು ಕಿಲೋಮೀಟರ್ ನಡೆದ ಕಾಲು. ಹಿಮದಲ್ಲಿ, ಕೆಸರಿನಲ್ಲಿ, ನಾಯಿ ಅಟ್ಟಿಸಿಕೊಂಡು ಬಂದಾಗ ಓಡಿದ ಕಾಲು. ಒಂದು ದಿನವೂ ಅದರ ಯೋಗಕ್ಷೇಮ ಕೇಳಲಿಲ್ಲ ನಾನು.

ಜುಲೈ ೧೦, ಬೆಳಿಗ್ಗೆ ೭.೪೦

೭.೧. ಊಟವಿಲ್ಲ, ನೀರೂ ಇಲ್ಲ. ಎಂಟಕ್ಕೆ ಕರೆದೊಯ್ಯುತ್ತಾರೆ.

ಹಿಲ್ಕಾ ಆರಕ್ಕೇ ಬಂದಳು. ಏನು ಮಾಡಬೇಕೋ ತಿಳಿಯದೆ ಕಿಟಕಿ ತೆರೆದಳು, ಮುಚ್ಚಿದಳು, ಹೊದಿಕೆ ಸರಿ ಮಾಡಿದಳು. ಆಮೇಲೆ ಹಾಸಿಗೆಯ ತುದಿಯಲ್ಲಿ ಕೂತು ಎಡಗಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಬ್ಯಾಂಡೇಜು ಮುಂಭಾಗಕ್ಕೆ ಮಾತ್ರ, ಹಿಮ್ಮಡಿ ಬರಿದೇ ಇದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಉಜ್ಜುತ್ತಿದ್ದಾಳೆ. ಅರ್ಧ ಗಂಟೆಯಾಯಿತು. ನೋಡಿದರಷ್ಟೇ ಗೊತ್ತಾಗುತ್ತದೆ, ಕಣ್ಣು ಮುಚ್ಚಿದರೆ ಕಾಲೂ ಇಲ್ಲ, ಅವಳ ಕೈಯೂ ಇಲ್ಲ. ಅದಕ್ಕೇ ಕಣ್ಣು ಮುಚ್ಚುತ್ತಿಲ್ಲ.

"ನಿನ್ನ ಕೈ ಹೇಗಿದೆ, ತಣ್ಣಗಿದೆಯಾ?" ಕೇಳಿದೆ.

"ಇಲ್ಲ. ಬೆಚ್ಚಗಿದೆ."

"ಕಾಲು?"

"ಅದೂ ಈಗ ಬೆಚ್ಚಗಾಗಿದೆ ಇರ್ಯಾ."

ಬೆಚ್ಚಗಿದೆ ಅಂತ ಬರೆದುಕೊಂಡೆ. ಅವಳು ಹೇಳಿದ್ದನ್ನೇ ಬರೆದಿದ್ದೇನೆ.

ಹೊರಗೆ ಟ್ರಾಲಿಯ ಚಕ್ರದ ಸದ್ದು. ನರ್ಸ್ ಬಾಗಿಲಲ್ಲಿ ನಿಂತು ನನ್ನ ಹೆಸರು ಓದಿದರು. ಹಿಲ್ಕಾ ಕಾಲು ಬಿಡುತ್ತಿಲ್ಲ. ಬಿಡು ಅಂದೆ. ತಲೆ ಎತ್ತಲಿಲ್ಲ. ಬಿಡು ಹಿಲ್ಕಾ, ಹೊತ್ತಾಯ್ತು, ಅಂದೆ. ಇನ್ನೊಂದು ನಿಮಿಷ ಅನ್ನುತ್ತಾಳೆ, ಇನ್ನೊಂದೇ