ಮೇಷ್ಟ್ರಿಗೆ ಹೇಳಿಬಿಟ್ಟೆ ಕಣೇ

ಹುಣಸೂರು
17-8-2025, ಭಾನುವಾರ

ಚಿ. ಸೌ. ಸುಕನ್ಯಳಿಗೆ,

ನಿನ್ನ ಅಮ್ಮನ ಮನಸಾರೆ ಆಶೀರ್ವಾದ. ನಿನ್ನ ಹೆಸರಿನ ಹಿಂದೆ ‘ಸೌ.’ ಎಂದು ಬರೆಯುತ್ತಿರುವುದು ಇದೇ ಮೊದಲು. ಪೆನ್ನು ಸ್ವಲ್ಪ ತಡವರಿಸಿತು, ಆದರೂ ಬರೆದೆ. ನೋಡಲು ಚೆನ್ನಾಗಿಯೇ ಇದೆ. ನಾನಿಲ್ಲಿ ಗಟ್ಟಿಮುಟ್ಟಾಗಿದ್ದೇನೆ. ನೀನೂ ಅಳಿಯಂದಿರೂ ಮೈಸೂರಿನಲ್ಲಿ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ಇಷ್ಟು ದಿನ ಬರೆಯಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ಬೆಳಿಗ್ಗೆ ಸ್ಕೂಲ್ ವ್ಯಾನು, ಸಂಜೆ ಸ್ಕೂಲ್ ವ್ಯಾನು, ಅದರ ಮಧ್ಯೆ ಮೊಣಕೈ ನೋವು ಬೇರೆ. ಮೊಣಕೈಗೆ ಏನಾಯಿತು ಅಂತೀಯ? ಅದನ್ನು ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿ ಮುಗಿಸುವಷ್ಟು ಸಣ್ಣ ಸುದ್ದಿಯಲ್ಲ.

ಮೊದಲು ಕೂತುಕೋ. ನಿನ್ನ ಅಮ್ಮ ಜೀಪ್ ರೇಸಿಗೆ ಹೋಗುತ್ತಿದ್ದಾಳೆ!

ನಗಬೇಡ. ಹೌದು, ಶಾಲೆಯ ವ್ಯಾನನ್ನು ಎಮ್ಮೆ ನಡೆದ ಹಾಗೆ ಓಡಿಸುತ್ತಾಳೆ ಎಂದು ಎಲ್‌ಕೆಜಿ ಮಕ್ಕಳಿಂದಲೂ ಆಡಿಸಿಕೊಳ್ಳುವ ಅದೇ ಭಾಗ್ಯಮ್ಮ, ನಿನ್ನಮ್ಮ. ಇದು ಡಾಂಬರು ರಸ್ತೆಯ ಮೇಲೆ ನಾನು ಮುಂದು ತಾನು ಮುಂದು ಎಂದು ಓಡಿಸುವ ರೇಸಲ್ಲ. ಮಳೆಗಾಲದ ಕೆಸರು, ಹಳ್ಳ, ಬಂಡೆ, ಗೋಡೆಯ ಹಾಗೆ ನಿಂತ ದಿಬ್ಬ, ಇವುಗಳ ಮೇಲೆ ಜೀಪನ್ನು ಹತ್ತಿಸಿ ಇಳಿಸಬೇಕು. ಹೂತುಕೊಂಡರೆ ಅಂಕ ಕಳೆಯುತ್ತಾರೆ, ಮಗುಚಿಕೊಂಡರೆ ಆಟ ಮುಗಿಯಿತು. ಬರುವ ಭಾನುವಾರ, ಇಪ್ಪತ್ತನಾಲ್ಕನೇ ತಾರೀಖು, ಕುಟ್ಟದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಡೆಯುತ್ತದೆ. ಹೆಂಗಸರಿಗೆಂದೇ ಬೇರೆ ಪಂದ್ಯವಿದೆ.

ಇದೆಲ್ಲ ಹೇಗೆ ಶುರುವಾಯಿತು ಎಂದು ಹೇಳುತ್ತೇನೆ. ಹೋದ ವರ್ಷ ರಜೆಯಲ್ಲಿ ಎನ್. ಬೇಗೂರಿನ ಕಡೆ ಆಳುಗಳನ್ನು ಹೊಲಕ್ಕೆ ಬಿಡುವ ಡ್ರೈವರ್ ಕೆಲಸಕ್ಕೆ ಹೋಗಿದ್ದೆನಲ್ಲ, ಅಲ್ಲಿ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುವ ಕೇರಳದವರ ಜೀಪು ಅದು. ಹೆಸರು ಜೋಸ್. ಎಲ್ಲರೂ ಜೋಸ್ ಚೇಟ್ಟ ಎನ್ನುತ್ತಾರೆ, ಅವರ ಭಾಷೆಯಲ್ಲಿ ಅಣ್ಣ ಅಂತ. ನನಗೆ ಅವರು ಚೇಚಿ ಎನ್ನುತ್ತಾರೆ, ಅಕ್ಕ ಅಂತ. ಒಂದು ದಿನ ಜೋರು ಮಳೆ ಬಂದು ದಿಬ್ಬದ ದಾರಿಯಲ್ಲಿ ಟ್ರ್ಯಾಕ್ಟರುಗಳೇ ಹೂತು ಕೂತಿದ್ದವು. ನಾನು ಏನನ್ನೂ ಯೋಚಿಸದೆ ಜೀಪನ್ನು ಮೇಲಕ್ಕೆ ಹತ್ತಿಸಿಬಿಟ್ಟೆ. ಹಿಂದೆ ಕೂತಿದ್ದ ಹೆಂಗಸರೆಲ್ಲ ಸೀರೆ ಸೆರಗಿನಿಂದ ಮುಖ ಮುಚ್ಚಿಕೊಂಡು ಕಿರುಚುತ್ತಿದ್ದರು, ನಾನು ಮಾತ್ರ ನಗುತ್ತಿದ್ದೆ. ಜೋಸ್ ಚೇಟ್ಟ ಮೊದಲು ತಾವೇ ರೇಸಿಗೆ ಹೋಗುತ್ತಿದ್ದವರು, ಸೊಂಟ ಹಿಡಿದುಕೊಂಡ ಮೇಲೆ ಬಿಟ್ಟಿದ್ದರು. “ಚೇಚಿ, ಇನ್ನು ಮೇಲೆ ನೀನು ಓಡಿಸು, ನಾನು ನೋಡ್ತೇನೆ” ಎಂದರು. ಅಲ್ಲಿಂದ ಭಾನುವಾರ ಬಂತೆಂದರೆ ಬೆಳಗಿನ ಬಸ್ಸಿಗೇ ಬೇಗೂರಿನ ಕಡೆ ಹೊರಡುವುದು ನನ್ನ ಅಭ್ಯಾಸವಾಯಿತು.

ಮುಂದಿನ ಚಕ್ರ ಎರಡೂ ಮೇಲೆದ್ದು ಗಾಜಿನ ತುಂಬ ಬರೀ ಆಕಾಶ ಕಾಣುವ ಒಂದು ಗಳಿಗೆ ಇದೆ ನೋಡು, ಅದನ್ನು ಹೇಗೆ ಹೇಳಲಿ? ಜೀವ ಬಾಯಿಗೆ ಬಂದಿರುತ್ತದೆ, ಆದರೂ ಇಳಿಯಬೇಕು ಅನ್ನಿಸುವುದಿಲ್ಲ. ನಿಮ್ಮಪ್ಪ ಹೋದ ಮೇಲೆ ಹೊಟ್ಟೆಪಾಡಿಗೆ ಅಂತ ಸ್ಟೇರಿಂಗ್ ಹಿಡಿದವಳು ನಾನು. ಖುಷಿಗೆ ಅಂತ ಹಿಡಿದದ್ದು ಇದೇ ಮೊದಲು.

ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುವುದು ಹುಮೇರಾ. ನಮ್ಮ ವ್ಯಾನು ರಿಪೇರಿ ಮಾಡುವ ಅಸದುಲ್ಲಾ ಮೆಕ್ಯಾನಿಕ್ ಮಗಳು, ನಿನ್ನದೇ ವಯಸ್ಸು, ಬಾಯಿ ನಿನಗಿಂತ ಜೋರು. “ಭಾಗ್ಯಕ್ಕ, ಬ್ರೇಕ್ ಮುಟ್ಬೇಡಿ! ಮುಟ್ಬೇಡಿ ಅಂದ್ನಲ್ಲ!” ಎಂದು ಕಿವಿ ತೂತಾಗುವ ಹಾಗೆ ಕೂಗುತ್ತಾಳೆ. ಜೂನಿನಲ್ಲಿ ಒಂದು ಸಲ ಮುಟ್ಟಿದೆ. ಜೀಪು ಮಗ್ಗುಲಾಗಿ ಮಲಗಿತು. ಮೇಲೆ ಕಬ್ಬಿಣದ ಪೈಪಿನ ಗೂಡು ಇರುತ್ತದೆ, ಬೆಲ್ಟು ಇರುತ್ತದೆ, ಹೆಲ್ಮೆಟ್ ಇರುತ್ತದೆ, ಅದಕ್ಕೆ ಬರೀ ಮೊಣಕೈ ಉಳುಕಿತು. ಇಬ್ಬರೂ ಬೆಲ್ಟಿನಲ್ಲಿ ಬಾವಲಿಗಳ ಹಾಗೆ ನೇತಾಡುತ್ತಾ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಜೋಸ್ ಚೇಟ್ಟ ಓಡಿ ಬಂದು ನಾವು ನಗುವುದನ್ನು ನೋಡಿ, ತಲೆಗೇ ಪೆಟ್ಟು ಬಿದ್ದಿದೆ ಎಂದು ಹೆದರಿದರು.

ನಗು ಸೋಮವಾರದವರೆಗೆ ಮಾತ್ರ. ಶಾಲೆ ನಡೆಸುವ ಮಹದೇವಪ್ಪ ಮೇಷ್ಟ್ರು ನಿನಗೆ ಗೊತ್ತಲ್ಲ, ವ್ಯಾನಿನ ಬೀಗದ ಕೈಯನ್ನು ಆರು ವರ್ಷದ ಹಿಂದೆ ನನ್ನನ್ನು ನಂಬಿ ಕೊಟ್ಟವರು ಅವರೇ. ಕೈಗೆ ಕಟ್ಟಿದ ಬಟ್ಟೆ ನೋಡಿ ಏನಾಯಿತು ಎಂದರು. ಬಚ್ಚಲಲ್ಲಿ ಜಾರಿದೆ ಎಂದೆ. ಪಾಪ, ಮನೆಯಿಂದ ನೋವಿನ ಎಣ್ಣೆ ತರಿಸಿಕೊಟ್ಟರು. ಅದನ್ನು ಹಚ್ಚಿಕೊಳ್ಳುವಾಗ ನೋವಿಗಿಂತ ನಾಚಿಕೆಯೇ ಹೆಚ್ಚಾಯಿತು.

ಈ ತಿಂಗಳ ಮೊದಲಲ್ಲಿ ಯಾರೋ ನಾನು ದಿಬ್ಬ ಹತ್ತಿಸುವುದನ್ನು ವಿಡಿಯೋ ಮಾಡಿ ಬಿಟ್ಟಿದ್ದಾರೆ ಎಂದು ಹುಮೇರಾ ಹೇಳಿದಳು. ಅದು ಇಂದಲ್ಲ ನಾಳೆ ಮಕ್ಕಳ ಅಪ್ಪ ಅಮ್ಮಂದಿರ ಫೋನಿಗೆ ಬರುತ್ತದೆ, ಅಲ್ಲಿಂದ ಮೇಷ್ಟ್ರಿಗೆ. ಹೆಲ್ಮೆಟ್ಟಿನಲ್ಲಿ ಮುಖ ಕಾಣುವುದಿಲ್ಲ, ನಾನಲ್ಲ ಅಂದುಬಿಡಿ ಎಂದಳು. ನನಗೆ ಮನಸ್ಸು ಬರಲಿಲ್ಲ. ನಮ್ಮವರ ಸುದ್ದಿ ಬೇರೆಯವರ ಬಾಯಿಂದ ಬಂದರೆ ಎಷ್ಟು ಉರಿಯುತ್ತದೆ ಎಂದು ನನಗೆ ಗೊತ್ತಲ್ಲ. ನಿನ್ನ ಆಸ್ಪತ್ರೆಗೆ ತೋರಿಸಿಕೊಳ್ಳಲು ಬಂದಿದ್ದ ನಮ್ಮ ವ್ಯಾನಿನ ಮಗುವೊಂದರ ತಾಯಿ, ಏಪ್ರಿಲಿನಲ್ಲಿ, ಶಾಲೆಯ ಗೇಟಿನ ಹತ್ತಿರ ನಿಂತು, “ಸುಕನ್ಯ ಸಿಸ್ಟರ್ ಮದ್ವೆ ಆಯ್ತಂತಲ್ಲಕ್ಕ, ವಾರ್ಡಲ್ಲೆಲ್ಲ ಸ್ವೀಟ್ ಕೊಟ್ರು” ಎಂದಳು. ನಾನು ಹೂಂ ಎಂದು ವ್ಯಾನಿನ ಬಾಗಿಲು ಹಾಕಿದೆ. ಇರಲಿ, ಆ ಮಾತು ಈಗ ಬೇಡ.

ಹಾಗೆ ಮೇಷ್ಟ್ರಿಗೆ ನಾನೇ ಹೇಳುವುದು ಎಂದು ತೀರ್ಮಾನಿಸಿದೆ. ಪಕ್ಕದ ಮನೆಯ ಚಿಕ್ಕಬೀರಮ್ಮನನ್ನು ಕೇಳಿದ್ದೇ ತಪ್ಪಾಯಿತು. “ದೊಡ್ಡೋರ್ತವ ಇಂಥಾ ಮಾತಿಗೆ ಬರಿಗೈಲಿ ಓಗ್ಬ್ಯಾಡ ಕಣವ್ವ, ಎಲೆ ಅಡಿಕೆ ಬಾಳೆಹಣ್ಣು ಮಡಿಕ್ಕಂಡು ಓಗು” ಎಂದಳು. ನಾನೂ ಒಳ್ಳೆಯ ಸೀರೆ ಉಟ್ಟು, ತಟ್ಟೆಯಲ್ಲಿ ಎಲೆ, ಅಡಿಕೆ, ಹಣ್ಣು, ತೆಂಗಿನಕಾಯಿ ಇಟ್ಟುಕೊಂಡು ಸಂಜೆ ಅವರ ಮನೆಗೆ ಹೋದೆ. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಮೇಷ್ಟ್ರು ತಟ್ಟೆ ನೋಡಿದ್ದೇ ತಡ, ಎದ್ದು ನಿಂತರು.

“ಲೇ, ಬಾರೇ ಇಲ್ಲಿ! ಭಾಗ್ಯಮ್ಮ ಮಗಳ ಮದ್ವೆಗೆ ಕರಿಯಕ್ಕೆ ಬಂದವ್ಳೆ!”

ಅವರ ಹೆಂಡತಿ ಒಳಗಿನಿಂದ ಕುಂಕುಮದ ಬಟ್ಟಲು ಹಿಡಿದುಕೊಂಡೇ ಬಂದರು. ಹುಡುಗ ಎಲ್ಲಿಯವನು, ಛತ್ರ ಎಲ್ಲಿ, ಎಷ್ಟು ಜನಕ್ಕೆ ಅಡುಗೆ ಎಂದು ಒಂದೇ ಉಸಿರಿಗೆ ಕೇಳಿದರು. ಮೇಷ್ಟ್ರು ನನಗೆ ಒಂದು ವಾರ ರಜೆಯನ್ನೂ ಕೊಟ್ಟುಬಿಟ್ಟರು. “ನೀನೇನೂ ಯೋಚ್ನೆ ಮಾಡ್ಬೇಡ ಕಣಮ್ಮ, ವ್ಯಾನಿಗೆ ಬೇರೆಯೋರ್ನ ನೋಡ್ತೀನಿ. ಒಬ್ಬಳೇ ಮಗಳು, ಚೆನ್ನಾಗಿ ಮಾಡು.” ನಾನು ತಟ್ಟೆ ಹಿಡಿದು ಕಂಬದ ಹಾಗೆ ನಿಂತಿದ್ದೆ.

“ಮದ್ವೆ ಆಗೋಗದೆ ಸಾರ್, ಏಪ್ರಿಲಲ್ಲೇ. ನಾನ್ ಬಂದಿರೋದು ಜೀಪಿನ್ ವಿಸ್ಯಕ್ಕೆ” ಎಂದೆ.

ಅಲ್ಲಿಂದ ನಿಲ್ಲಲಿಲ್ಲ ನೋಡು. ದಿಬ್ಬ, ಕೆಸರು, ಹುಮೇರಾ, ಕುಟ್ಟ, ಎಲ್ಲ ಹೇಳಿದೆ. ಅಮ್ಮಾವ್ರ ಕೈಯಲ್ಲಿ ಕುಂಕುಮದ ಬಟ್ಟಲು ಹಾಗೇ ಉಳಿಯಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಪಲ್ಟಿ ಹೊಡ್ಸಿದೀಯಾ?”

“ಒಂದ್ಸಲ ಸಾರ್.”

“ಬಚ್ಚಲಲ್ಲಿ ಜಾರಿದ್ದು ಅಂದ್ಯಲ್ಲ?”

“ಅದೇ ಸಾರ್.”

“ನಮ್ ಮಕ್ಳು ನಿಮ್ ವ್ಯಾನಲ್ಲಿ ಬತ್ತಾರೆ ಅಂತ ಊರೂರಿಂದ ಕಳಿಸ್ತಾರಲ್ಲಮ್ಮ, ಅವರಿಗೆ ಏನಂತ ಹೇಳ್ಲಿ ನಾನು? ರೇಸ್ ಓಡ್ಸೋಳ ಕೈಲಿ ಕೊಟ್ಟಿದೀನಿ ಅಂತ್ಲಾ?” ಎಂದರು. ಆಮೇಲೆ ಮೆಲ್ಲಗೆ, “ಬೀಗದ ಕೈ ಇಲ್ಲಿಟ್ಟು ಹೋಗು” ಎಂದರು.

ಇಟ್ಟು ಬಂದೆ. ಅವತ್ತು ಊಟ ಸೇರಲಿಲ್ಲ ಕಣೇ. ಸುಳ್ಳು ಹೇಳಿಕೊಂಡು ಇರಬಹುದಿತ್ತಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ. ಈ ವ್ಯಾನು ಹೋದರೆ ಇನ್ನೊಂದು ವ್ಯಾನು ಸಿಗಬಹುದು, ಆದರೆ ಆ ಮಕ್ಕಳು ಸಿಗುವುದಿಲ್ಲ. ಬೇಕಾದರೆ ಜೀಪನ್ನೇ ಬಿಟ್ಟುಬಿಡುತ್ತೇನೆ ಎಂದು ಮೇಷ್ಟ್ರಿಗೆ ಹೇಳಲು ಫೋನ್ ಕೈಗೆ ತೆಗೆದುಕೊಂಡೆ, ಆ ಮಾತು ಬಾಯಿಂದ ಬರುವುದಿಲ್ಲ ಎಂದು ಗೊತ್ತಾಗಿ ಹಾಗೇ ಇಟ್ಟೆ. ನನ್ನ ಹಟ ನಿನಗೆ ಗೊತ್ತಲ್ಲ, ನಿನಗೂ ಅದೇ ಬಂದಿದೆ.

ಬೆಳಿಗ್ಗೆ ಮೇಷ್ಟ್ರ ಫೋನು: “ಬಾ, ಗಾಡಿ ತೆಗಿ.” ಹೋಗಿ ನೋಡಿದರೆ ವ್ಯಾನಿನ ಕೊನೆಯ ಸೀಟಿನಲ್ಲಿ ಕೊಡೆ ಹಿಡಿದು ಅವರೇ ಕೂತಿದ್ದಾರೆ! ಊರೂರಿನ ಮಕ್ಕಳು ಹತ್ತುತ್ತಾ ಮೇಷ್ಟ್ರನ್ನು ನೋಡಿ ಬಾಯಿಗೆ ಬೀಗ ಹಾಕಿಕೊಂಡವು. ನಾನು ಎಂದಿನ ಹಾಗೇ ಓಡಿಸಿದೆ, ರೋಡ್ ಹಂಪ್ ಬಂದರೆ ನಿಲ್ಲಿಸಿ, ದನಕ್ಕೆ ನಿಲ್ಲಿಸಿ, ಮಗುವಿನ ಶೂ ಲೇಸು ಬಿಚ್ಚಿದೆ ಎಂದರೆ ಅದಕ್ಕೂ ನಿಲ್ಲಿಸಿ. ಸ್ವಲ್ಪ ಹೊತ್ತಿಗೆ ಒಂದು ಪುಟಾಣಿಗೆ ತಡೆಯಲಾಗಲಿಲ್ಲ. “ಸಾರ್, ಈ ಆಂಟಿ ತುಂಬಾ ಸ್ಲೋ ಸಾರ್. ಸೈಕಲ್ನೋರೂ ಮುಂದೆ ಓಯ್ತಾರೆ. ಬೇರೆ ಆಂಟಿ ಕರ್ಸಿ ಸಾರ್” ಎಂದಿತು. ಕನ್ನಡಿಯಲ್ಲಿ ನೋಡಿದೆ, ಮೇಷ್ಟ್ರು ಕೊಡೆಯ ಹಿಡಿಯನ್ನು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದರು.

ಶಾಲೆ ತಲುಪಿದ ಮೇಲೆ ಎಲ್ಲ ಇಳಿದರೂ ಅವರು ಇಳಿಯಲಿಲ್ಲ. “ಇಷ್ಟ್ ನಿಧಾನ ಓಡ್ಸೋಳು ಅಲ್ಲೋಗಿ ಏನಮ್ಮ ಮಾಡ್ತೀಯ? ನಾನೂ ನೋಡ್ಬೇಕಲ್ಲ” ಎಂದರು.

ಮುಂದಿನ ಭಾನುವಾರ ನಿಜವಾಗಿಯೂ ಬೇಗೂರಿಗೆ ಬಂದರು, ಬಿಳಿ ಪಂಚೆ ಉಟ್ಟುಕೊಂಡು! ಹೋದ ವರ್ಷ ಶುಂಠಿ ತೆಗೆದು ಈ ವರ್ಷ ಬೀಳು ಬಿಟ್ಟ ಹೊಲದಲ್ಲಿ ನಮ್ಮ ಅಭ್ಯಾಸ. ಹುಮೇರಾ ಅವರಿಗೆ ತನ್ನ ಸೀಟು ಬಿಟ್ಟುಕೊಟ್ಟು, ಹೆಲ್ಮೆಟ್ ಹಾಕಿ, ಬೆಲ್ಟು ಬಿಗಿದು, ಪಂಚೆಯನ್ನೂ ಸೇರಿಸಿ ಕಟ್ಟಿದಳು. ಜೋಸ್ ಚೇಟ್ಟ “ಪೇಡಿಕ್ಕಂಡ ಸಾರ್, ಹೆದ್ರಬೇಡಿ” ಎಂದು ಬೆನ್ನು ತಟ್ಟಿದರು. ನಾನು ಫಸ್ಟ್ ಗೇರಿಗೆ ಹಾಕಿ ಬಿಟ್ಟೆ ನೋಡು! ಕೆಸರು ಗಾಜಿಗೆ ರಪರಪ ಬಡಿಯುತ್ತಿದೆ, ಚಕ್ರ ಜಾರುತ್ತಿದೆ, ಮೂತಿ ಮೇಲಕ್ಕೆದ್ದಿದೆ, ಪಕ್ಕದಲ್ಲಿ ಮೇಷ್ಟ್ರು “ಶಿವಾ, ಶಿವಾ, ಶಿವಾ” ಎನ್ನುತ್ತಿದ್ದಾರೆ. ಅರ್ಧ ದಿಬ್ಬಕ್ಕೆ ಜೀಪು ನಿಂತಂತಾಯಿತು. ನಾನು ಬ್ರೇಕಿಗೆ ಕಾಲಿಡಲಿಲ್ಲ. ಇನ್ನೂ ಸ್ವಲ್ಪ ಒತ್ತಿದೆ, ಸ್ಟೇರಿಂಗನ್ನು ಆ ಕಡೆ ಈ ಕಡೆ ತಿರುಗಿಸಿದೆ, ಚಕ್ರಕ್ಕೆ ಗಟ್ಟಿ ನೆಲ ಸಿಕ್ಕಿತು. ಹತ್ತಿಬಿಟ್ಟೆವು. ಮೇಲೆ ನಿಲ್ಲಿಸಿದಾಗ ಮೇಷ್ಟ್ರನ್ನು ನೋಡಬೇಕಿತ್ತು ನೀನು. ಮುಖದ ತುಂಬ ಕೆಸರು, ಬರೀ ಹಲ್ಲು ಕಾಣುತ್ತಿತ್ತು.

“ಇಳಿಯೋವಾಗ್ಲೂ ನೀನೇ ಇಳಿಸ್ತೀಯಾ, ಇಲ್ಲಾ ನಾನು ನಡ್ಕಂಡೋಗ್ಲಾ?” ಎಂದರು. ಆಮೇಲೆ ಅವರೇ, “ಇನ್ನೊಂದು ರೌಂಡ್ ನೋಡಣ ತಡಿ” ಎಂದರು!

ವಾಪಸು ಬರುವಾಗ ತಮ್ಮ ಕಾರಿನಲ್ಲಿ, ದಿನಾ ಸಂಜೆ ತೆಗೆದಿಟ್ಟುಕೊಳ್ಳುತ್ತಿದ್ದ ಬೀಗದ ಕೈಯನ್ನು ಮತ್ತೆ ನನ್ನ ಕೈಗೇ ಕೊಟ್ಟರು. ಮಕ್ಕಳ ಅಪ್ಪ ಅಮ್ಮಂದಿರನ್ನು ಕರೆದು ತಾವೇ ವಿಷಯ ಹೇಳುವುದಾಗಿ ಒಪ್ಪಿಕೊಂಡರು, ಮೊನ್ನೆ ಧ್ವಜ ಹಾರಿಸಿದ ಮೇಲೆ ಹೇಳಿಯೂ ಆಯಿತು. ಇಬ್ಬರು ಗೊಣಗಿದರು, ಉಳಿದವರು ಟಿಕೆಟ್ ಇದೆಯಾ ಎಂದು ಕೇಳಿದರು. ಮೇಷ್ಟ್ರದ್ದು ಎರಡೇ ಷರತ್ತು: ಕೈಕಾಲಿಗೆ ಏನಾದರೂ ಆದರೆ ಪೂರ್ತಿ ವಾಸಿಯಾಗುವವರೆಗೆ ವ್ಯಾನು ಮುಟ್ಟಬಾರದು, ಕೆಲಸ ಕಾದಿರುತ್ತದೆ. ಎರಡನೆಯದು, “ನಂಗೆ ಇನ್ನೊಂದ್ಸಲ ಸುಳ್ ಹೇಳ್ಬೇಡ ಕಣಮ್ಮ. ಅದು ಪಲ್ಟಿಗಿಂತ ಜಾಸ್ತಿ ನೋವಾಯ್ತು.” ನನಗೆ ಅಳು ಬಂತು. ಕಿಟಕಿ ಕಡೆ ತಿರುಗಿ ಅತ್ತೆ.

ಈಗ ನನ್ನ ಸಂಭ್ರಮ ಏನೆಂದು ಬರೆಯಲಿ! ಹುಮೇರಾ ಜೀಪಿಗೆ ಕೆಂಪು ಬಣ್ಣ ಹೊಡೆಸಿದ್ದಾಳೆ. ಚಿಕ್ಕಬೀರಮ್ಮ ಮಾದಪ್ಪನಿಗೆ ಹರಕೆ ಹೊತ್ತಿದ್ದಾಳೆ, ಗೆಲ್ಲಲಿ ಎಂದೋ ಉಳಿಯಲಿ ಎಂದೋ ಕೇಳಿದರೆ ಹೇಳುವುದಿಲ್ಲ. ನಾನು ಅನ್ನ ಬಸಿಯುವಾಗಲೂ ಬಲಗಾಲಲ್ಲಿ ಆಕ್ಸಿಲರೇಟರ್ ಒತ್ತುತ್ತಿದ್ದೇನೆ. ಗೆಲ್ಲುತ್ತೇನೋ ಇಲ್ಲವೋ, ಬ್ರೇಕ್ ಮಾತ್ರ ಮುಟ್ಟುವುದಿಲ್ಲ.

ನಿನ್ನ ಒಲೆ ತಣ್ಣಗಾಗದಿರಲಿ, ನಿನ್ನ ಮನೆಯಲ್ಲಿ ನಗು ಜೋರಾಗಿರಲಿ. ನೈಟ್ ಡ್ಯೂಟಿ ಇದ್ದಾಗ ಹೊಟ್ಟೆ ಖಾಲಿ ಬಿಡಬೇಡ. ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು. ಅವರ ಹೆಸರು ಗೊತ್ತಿದ್ದರೆ ಹೆಸರು ಹಿಡಿದೇ ಬರೆಯುತ್ತಿದ್ದೆ.

ಇಂತಿ ನಿನ್ನ ಪ್ರೀತಿಯ
ಅಮ್ಮ ಭಾಗ್ಯ

ವಿ.ಸೂ.: ನಿನ್ನೆ ರೇಸ್ ನಡೆಸುವ ಹುಡುಗರು ಫೋನ್ ಮಾಡಿ ನನ್ನ ವಯಸ್ಸು, ರಕ್ತದ ಗುಂಪು ಎಲ್ಲ ಕೇಳಿಕೊಂಡರು. ಕೊನೆಗೆ, “ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರಿಗೆ ಫೋನ್ ಮಾಡ್ಬೇಕು ಅಕ್ಕ?” ಎಂದರು. ನಿನ್ನ ನಂಬರೇ ಬಾಯಿಗೆ ಬಂತು, ಕೊಟ್ಟುಬಿಟ್ಟೆ. ಏಪ್ರಿಲಿನಿಂದ ನೀನು ನನ್ನ ಫೋನನ್ನು ಒಂದು ಸಲವೂ ಎತ್ತಿಲ್ಲ ಎನ್ನುವುದು ಆಮೇಲೆ ನೆನಪಾಯಿತು. ನಿನ್ನ ಹೊಸ ಮನೆ ಎಲ್ಲಿ ಎಂದೂ ಗೊತ್ತಿಲ್ಲ, ಅದಕ್ಕೇ ಇದನ್ನು ಆಸ್ಪತ್ರೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಬೇರೆ ಯಾರದಾದರೂ ನಂಬರು ಕೊಡೋಣ ಎಂದು ಕೂತು ಯೋಚಿಸಿದೆ. ಯಾರೂ ಹೊಳೆಯಲಿಲ್ಲ ಕಣೇ. ನನ್ನ ಫೋನ್ ಎತ್ತುವುದು ಬಿಡುವುದು ನಿನ್ನಿಷ್ಟ, ನಾನು ಕೇಳುವುದಿಲ್ಲ. ಇಪ್ಪತ್ತನಾಲ್ಕನೇ ತಾರೀಖು ಮಾತ್ರ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ, ಎತ್ತು ಮಗಳೇ.