ಡಾಕ್ಟರಮ್ಮನ ಹತ್ತು ವಾರ

ಅಮ್ಮಾ,

ನೀನಿನ್ನೂ ಪೂಜೆಯಲ್ಲಿದ್ದೀ, ನನಗೆ ಕುರುಗೋಡಿನ ಬಸ್ಸಿಗೆ ಹೊತ್ತಾಯಿತು. ಅದಕ್ಕೇ ಈ ಚೀಟಿ.

ನಿನ್ನೆ ಡಾಕ್ಟರಮ್ಮ ಅತ್ತಿಗೆಗೆ ಹತ್ತು ವಾರ ಎಂದರು. ನೀನು ಬೆರಳು ಮಡಚಿ, "ವಾಸು ಭಿಲಾಯಿಂದ ಬಂದು ಎಂಟು ವಾರ ಆತು, ಹತ್ತು ಹೆಂಗಾತು?" ಎಂದೆ. ಅದು ಅತ್ತಿಗೆಯ ಕಿವಿಗೆ ಬಿದ್ದಿದೆ. ಬೆಳಗ್ಗೆ ಕಾಫಿ ಮುಟ್ಟಲಿಲ್ಲ.

ಗರ್ಭ ನಿಂತ ದಿನ ಯಾರಿಗೂ ಖಚಿತವಾಗಿ ತಿಳಿಯುವುದಿಲ್ಲ. ಆದ್ದರಿಂದ ಡಾಕ್ಟರುಗಳು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಗರ್ಭ ನಿಲ್ಲುವುದು ಅದಾಗಿ ಸುಮಾರು ಎರಡು ವಾರಕ್ಕೆ. ಆ ಎರಡು ವಾರ ಎಲ್ಲ ಬಸುರಿಯರ ಲೆಕ್ಕದಲ್ಲೂ ಸೇರಿರುತ್ತವೆ, ನಿನ್ನದರಲ್ಲೂ ಸೇರಿದ್ದವು.

ಸಾಕ್ಷಿ ಬೇಕಾದರೆ ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ತಿರುಗಿಸು. ಜನವರಿ ಒಂದರಂದು ಅತ್ತಿಗೆ ಹೊರಗಾದರೆಂದು ಗುರುತು ಹಾಕಿದವಳು ನೀನೇ. ಮೂರು ದಿನ ಒಬ್ಬಳೇ ರುಬ್ಬಬೇಕಾಯಿತೆಂದು ಗೊಣಗಿದವಳೂ ನೀನೇ. ಅಣ್ಣ ಬಂದದ್ದು ಹದಿನಾಲ್ಕಕ್ಕೆ, ಸಂಕ್ರಾಂತಿಯ ದಿನ. ಈಗ ಎಣಿಸು.

ಹೆರಿಗೆ ಅಕ್ಟೋಬರ್ ಎಂಟರ ಆಸುಪಾಸಿಗೆ.

ಹಾಲು ಕಾಯಿಸಿಟ್ಟಿದ್ದೇನೆ, ಡಿಕಾಕ್ಷನ್ ಇಳಿದಿದೆ. ಕ್ಷಮೆ ಗಿಮೆ ಕೇಳುವುದು ನಿನ್ನಿಂದ ಆಗದ ಕೆಲಸ, ಗೊತ್ತು. ಬೆರಳು ಮಡಚಿದ ಆ ಕೈಯಿಂದಲೇ ಬಿಸಿ ಕಾಫಿ ಬೆರೆಸಿಕೊಟ್ಟು, ತಲೆ ಬಾಚಿ ಹೂ ಮುಡಿಸು. ಅವರಿಗೆ ಅರ್ಥವಾಗುತ್ತದೆ.

ರುಕ್ಮಿಣಿ