ಅಕ್ಕನ ಮಗಳ ಕಥೆಯಲ್ಲಿ ಬರುವ ಮಾವ

ಮಂಗಳವಾರ, ೧೪ನೇ ತಾರೀಕು

ಅಕ್ಕನ ಮಗಳು ಬರೆದ ಕಥೆ ಅಚ್ಚಾಗಿದೆ. ಅದರಲ್ಲೊಬ್ಬ ಬಡಾಯಿ ಸೋದರಮಾವ. ‘ಅದು ನಾನೇ’ ಎಂದು ಕ್ಷೌರದಂಗಡಿಯಲ್ಲಿ ಮೀಸೆ ತಿರುವಿ ಹೇಳಿಬಂದೆ. ಆಮೇಲೆ ಕೂತು ಪೂರ್ತಿ ಓದಿದೆ. ಬೀದಿ ಮೂಲೆಯಲ್ಲಿ ಆ ಮಾವನ ಹಾಡು ಕೇಳಿಸಿದರೆ ಸಾಕು, ಮನೆಯವರು ದೀಪ ಆರಿಸಿ ಉಸಿರು ಬಿಗಿಹಿಡಿದು ಕೂರುತ್ತಾರಂತೆ.

ನಾನೂ ಹಾಡಿಕೊಂಡೇ ಹೋಗುವವನು, ಊರಿಗೆಲ್ಲ ಕೇಳುವ ಗಂಟಲು. ಹೋದಾಗಲೆಲ್ಲ ಅಕ್ಕನ ಮನೆ ಕತ್ತಲು.

ಫೋನು ಮಾಡಿದೆ. “ಏನೇ, ನಾನ್ ಬಂದಾಗ ನೀವೆಲ್ಲ ನಿಜವಾಗ್ಲೂ ಮಲಗಿರ್ತೀರಾ?”

“ಅದು ಬರೀ ಕಥೆ, ಮಾಮ,” ಅಂದಳು. ಹಿಂದಿನಿಂದ ಅಕ್ಕ ಪಿಸುಗುಟ್ಟಿದ್ದು ಕೇಳಿಸಿತು: “ನಾನಿಲ್ಲ ಅನ್ನು.”

ನಾಳೆ ಸದ್ದಿಲ್ಲದೆ ಹೋಗಿ ನೋಡಬಹುದು. ಆದರೆ ದೀಪ ಉರಿಯುತ್ತಿದ್ದು, ಒಳಗೆ ಎಲ್ಲರೂ ನಗುತ್ತಾ ಕೂತಿದ್ದರೆ, ಆ ಬಾಗಿಲು ತಟ್ಟಲು ನನ್ನ ಕೈ ಏಳಲಾರದು.